ಪರೀಕ್ಷೆ ಸಪ್ಪಲಮ್ಮನ ಎಡಗಣ್ಣು

ಸಮೇತನಹಳ್ಳಿಗೆ ಹೋಗಿ ಸಪ್ಪಲಮ್ಮನ ಮನೆ ಯಾವುದು ಎಂದರೆ ಯಾವ ಸಪ್ಪಲಮ್ಮ ಎಂದು ಕೇಳುತ್ತಾರೆ. ನಮ್ಮ ಕಡೆ ಬೀದಿಗೊಬ್ಬಳು ಸಪ್ಪಲಮ್ಮ. ಪರೀಕ್ಷೆ ಸಪ್ಪಲಮ್ಮ ಎಂದರೆ ಮಾತ್ರ ಯಾರಾದರೂ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಸ್ಕೂಲಿನ ಮೆಟ್ಟಿಲು ಹತ್ತದ, ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಈ ಹೆಸರು ಬಂದದ್ದು ನನ್ನ ದೆಸೆಯಿಂದ. ಊರವರು ಅದನ್ನು ಹೊಗಳಿಕೆ ಎಂದೇ ಹೇಳುತ್ತಾರೆ. ಆಕೆಯೂ ಹಾಗೇ ತಿಳಿದುಕೊಂಡು, ತನಗೆ ಇರುವ ಒಂದೇ ಕಣ್ಣನ್ನು ಅರಳಿಸಿ ನಗುತ್ತಾಳೆ. ನನಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಮೂರು ವರ್ಷವಾಯಿತು, ಉರಿ ಒಂದಿಷ್ಟೂ ತಗ್ಗಿಲ್ಲ.

ನಾನು ಆದಿನಾರಾಯಣಪ್ಪ, ಅದೇ ಊರಿನವನು, ಈಗ ಡಾಕ್ಟರು. ಸಪ್ಪಲಮ್ಮ ನನಗೆ ರಕ್ತಸಂಬಂಧಿಯಲ್ಲ. ಆದರೂ ನಮ್ಮ ಮನೆಯ ಎದುರಿನ ಮನೆಯವಳಾದ್ದರಿಂದ ಹುಟ್ಟಿದಾಗಿನಿಂದ ಅತ್ತೆ ಎಂದೇ ಕರೆದವನು. ಆಕೆಯ ಗಂಡ ಆವಲಪ್ಪ ಸಾಧು ಮನುಷ್ಯ, ಮಾತಿಗಿಂತ ಬೀಡಿ ಹೆಚ್ಚು. ಮಾತೆಲ್ಲ ಅತ್ತೆಯದೇ. ರಾಗಿ ತೂರುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ. ಒಂದು ಹಿಡಿ ಹೊಟ್ಟು ಮೇಲಕ್ಕೆ ಬಿಟ್ಟು ಗಾಳಿಯ ದಿಕ್ಕು ನೋಡಿ, ಎತ್ತರದ ಮಣೆ ಹತ್ತಿ ಮೊರದಿಂದ ಸುರಿಯುವುದಕ್ಕೆ ನಿಂತರೆ ರಾಗಿ ಕಾಲ ಕೆಳಗೆ, ಹೊಟ್ಟು ಆಚೆಗೆ. ಗಂಡಸರು ಎರಡು ಸಲ ತೂರಿದ್ದನ್ನು ಆಕೆ ಮತ್ತೊಮ್ಮೆ ತೂರಿ ಅವರ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದಳು.

ಆಕೆಗಿದ್ದ ಕೊರತೆ ಒಂದೇ. ನಾಲ್ಕು ವರ್ಷದಿಂದ ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಬಾಣಂತಿಯ ಹಾಲು, ಎಲ್ಲಾ ಆಗಿತ್ತು. ಮದುವೆ ಮನೆಗಳಲ್ಲಿ ಮುತ್ತೈದೆಯರನ್ನು ಆರತಿಗೆ ಕರೆಯುವಾಗ ಈಕೆಯನ್ನು ಬಿಟ್ಟು ಮುಂದಿನವಳನ್ನು ಕರೆಯುತ್ತಿದ್ದರು. ಹಸೆಯ ಮುಂದೆ ಕಣ್ಣೀರು ಹಾಕಿಕೊಂಡು ನಿಲ್ಲುವವಳು ಯಾಕೆ ಎಂದು. "ಕಣ್ಣು ಅಳ್ತದೆ, ನಾನೆಲ್ಲಿ ಅಳ್ತೀನಿ?" ಎಂದು ಆಕೆ ನಗುತ್ತಲೇ ಹೇಳಿ ಹಿಂದಕ್ಕೆ ಸರಿಯುತ್ತಿದ್ದಳು. ಆದರೆ ಮಗಳು ಮುನಿಗಂಗಮ್ಮನಿಗೆ ಗಂಡು ಗೊತ್ತಾಗಿ, ವೈಶಾಖದಲ್ಲಿ ಮದುವೆ ಎಂದು ಮಾತಾದ ಮೇಲೆ ಆ ನಗು ಸಣ್ಣದಾಯಿತು. ಮಗಳ ಧಾರೆಯಲ್ಲಾದರೂ ಒಣಗಿದ ಕಣ್ಣಲ್ಲಿ ನಿಲ್ಲಬೇಕು, ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ಸಾವಿರದ ಒಂಬೈನೂರ ನಲವತ್ತೈದರ ದೀಪಾವಳಿಗೆ ನಾನು ಊರಿಗೆ ಬಂದಿದ್ದೆ. ವೈದ್ಯದ ಕೊನೆಯ ವರ್ಷ. ತಲೆಯ ತುಂಬ ಕಣ್ಣಿನ ಕಾಯಿಲೆಗಳು. ಕಣ್ಣು ಬಂದರೆ ಬೋರಿಕ್ ನೀರು, ರೆಪ್ಪೆಯ ಒಳಗೆ ಕಾಳು ಕಾಳಾಗಿದ್ದರೆ ಮೈಲುತುತ್ತದ ಕಡ್ಡಿ, ಇರುಳುಗಣ್ಣಿಗೆ ಮೀನೆಣ್ಣೆ, ಪೊರೆಗೆ ಕತ್ತಿ, ಹೀಗೆ ಗಿಣಿಪಾಠ ಮಾಡಿಕೊಂಡು ತಿರುಗುತ್ತಿದ್ದೆ. ಹಬ್ಬದ ದಿನ ಅತ್ತೆ ಎಣ್ಣೆ ಹಚ್ಚುವುದಕ್ಕೆ ಕರೆದಾಗ ಆಕೆಯ ಕಣ್ಣನ್ನು ಮೊದಲ ಸಲ ಓದಿದವನ ಹಾಗೆ ನೋಡಿದೆ. ಮೂಗಿನ ಪಕ್ಕದಲ್ಲಿ, ಕಣ್ಣಿನ ಒಳಮೂಲೆಯ ಕೆಳಗೆ ಬೆರಳಿಟ್ಟು ಒತ್ತಿದೆ. ಹಳದಿ ಕೀವು ಕಣ್ಣಿನೊಳಕ್ಕೆ ಉಕ್ಕಿತು.

ನನಗೆ ಆಗ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ. ಪುಸ್ತಕದಲ್ಲಿ ಬರೆದಿದ್ದದ್ದು ನನ್ನ ಬೆರಳ ತುದಿಗೆ ಬಂದಿತ್ತು. ಕಣ್ಣೀರು ಮೂಗಿಗೆ ಇಳಿಯುವ ದಾರಿಯಲ್ಲಿ ಒಂದು ಪುಟ್ಟ ಚೀಲವಿದೆ. ದಾರಿ ಕಟ್ಟಿದರೆ ಆ ಚೀಲದಲ್ಲಿ ಕೀವು ನಿಲ್ಲುತ್ತದೆ. ಚೀಲವನ್ನು ತೆಗೆದುಹಾಕಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ತೆಗೆಯದೆ ಬಿಟ್ಟರೆ ಕೀವು ಕಣ್ಣಿನ ಪಕ್ಕದಲ್ಲೇ ಕಾದು ಕೂತಿರುತ್ತದೆ. ಕಣ್ಣಿಗೆ ಒಂದು ಕಡ್ಡಿ ತಗಲಲಿ, ಒಂದು ಹೊಟ್ಟು ಬೀಳಲಿ, ಆ ಗೀರಿನೊಳಕ್ಕೆ ಕೀವು ಇಳಿದು ನಾಲ್ಕೈದು ದಿನದಲ್ಲಿ ಕಣ್ಣೇ ಹೋಗುತ್ತದೆ. ಆದ್ದರಿಂದ ತಡಮಾಡದೆ ತೆಗೆಯತಕ್ಕದ್ದು. ಇದು ನನಗೆ ಪುಟದ ಸಮೇತ ಗೊತ್ತಿತ್ತು.

ಹಬ್ಬ ಮುಗಿಸಿ ಹೊಸಕೋಟೆಯಿಂದ, ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಇದ್ದಿಲು ಬಸ್ಸಿನಲ್ಲಿ ಅತ್ತೆಯನ್ನು ಪಟ್ಟಣಕ್ಕೆ ಕರೆದುಕೊಂಡು ಹೋದೆ. ನಾನು ಓದುತ್ತಿದ್ದ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನಮ್ಮ ಕಣ್ಣಿನ ಮೇಷ್ಟ್ರ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಅವರಿಗೊಂದು ಗೌರವ ಕೊಟ್ಟಂತಾಗುತ್ತದೆ. ಅವರೂ ಬೆರಳಿಟ್ಟು ಒತ್ತಿದರು. ಅವರ ಮುಖವೂ ನನ್ನದರ ಹಾಗೇ ಅರಳಿತು.

"ಇಷ್ಟು ಚೆನ್ನಾಗಿ ಕೀವು ಬರೋ ಕೇಸು ಈ ವರ್ಷ ಇದೊಂದೇ ಕಣಯ್ಯ," ಎಂದರು. "ಈಗಲೇ ತೆಗೆದುಬಿಟ್ಟರೆ ಮಾರ್ಚಿಯಲ್ಲಿ ನಿಮ್ಮ ಪರೀಕ್ಷೆಗೆ ನಾನು ಏನು ತೋರಿಸಲಿ? ಪರೀಕ್ಷೆ ಮುಗಿದ ಮಾರನೇ ದಿನ ತೆಗೆಯೋಣ. ಅಲ್ಲೀವರೆಗೆ ಬೇರೆ ಯಾರೂ ಕೈ ಹಾಕದ ಹಾಗೆ ನೋಡಿಕೋ."

ಪರೀಕ್ಷೆಗೆ ರೋಗಿಗಳನ್ನು ಹೀಗೆ ಎತ್ತಿಡುವುದು ಅಲ್ಲಿ ವಾಡಿಕೆ. ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲೆ ಇಟ್ಟ ಹಾಗೆ. ಯಾರೂ ತಪ್ಪೆಂದು ತಿಳಿದಿರಲಿಲ್ಲ. ನಾನೂ ತಿಳಿಯಲಿಲ್ಲ. "ಆಗಲಿ ಸಾರ್" ಎಂದೆ. ಇವತ್ತಿಗೂ ಆ ಎರಡು ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಪುಸ್ತಕದ ಆ ಸಾಲು ನನ್ನ ಗಂಟಲವರೆಗೂ ಬಂದಿತ್ತು. ಪಾಸು ಮಾಡಬೇಕಾದವರು ಅವರೇ ಎಂದು ನುಂಗಿಕೊಂಡೆ.

ಹೊರಗೆ ಬಂದು ಅತ್ತೆಗೆ ಹೇಳಿದವನು ನಾನೇ.

"ಪರೀಕ್ಷೆ ಆಗೋವರೆಗೂ ಹಿಂಗೇ ಇರ್ಬೇಕಂತೆ ಅತ್ತೆ. ಬೇರೆ ಡಾಕ್ಟ್ರ ಹತ್ರ ಹೋಗ್ಬೇಡ. ಯಾರ ಔಷಧೀನೂ ಹಾಕಿಸ್ಕೋಬೇಡ. ಕೀವು ನಿಂತುಹೋದ್ರೆ ನಮಗೆ ತೋರಿಸೋಕೆ ಕೇಸ್ ಇರಲ್ಲ."

"ಇಲ್ದಿದ್ರೆ ನಿಂಗೂ ತೊಂದರೇನಾ?"

"ನಂಗೂ ತೊಂದರೇನೇ."

"ಹಂಗಾದ್ರೆ ಬಿಡು. ನಾಕು ವರ್ಷ ಇಟ್ಕೊಂಡಿದೀನಿ, ಇನ್ನು ನಾಕು ತಿಂಗಳು ಹೆಚ್ಚಾ? ಧಾರೆ ಹೊತ್ಗೆ ಒಣಗಿದ್ರೆ ಸಾಕು ಕಣಪ್ಪಾ. ನನ್ ಮಾತು ಇದು, ಯಾರನ್ನೂ ಮುಟ್ಟಿಸಲ್ಲ."

ಅತ್ತೆ ಮಾತು ಕೊಟ್ಟರೆ ಏನು ಅರ್ಥ ಎಂದು ಆಸ್ಪತ್ರೆಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ಸಲ ಒಬ್ಬರ ಕಣಕ್ಕೆ ಬರುತ್ತೇನೆ ಎಂದು ಹೇಳಿದ ಮೇಲೆ ಸ್ವಂತ ರಾಗಿ ಮಳೆಯಲ್ಲಿ ನೆನೆದರೂ ಅವರ ಕಣಕ್ಕೇ ಹೋದವಳು ಆಕೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಮ್ಮ ತರಗತಿಗೆ ತೋರಿಸಲು ಕರೆಸಿಕೊಂಡರು. ನಾವು ಇಪ್ಪತ್ತೆರಡು ಜನ ಸಾಲಾಗಿ ನಿಂತು ಒಬ್ಬೊಬ್ಬರೂ ಒತ್ತಿದೆವು. ಕೆಲವರು ಹೆದರಿಕೊಂಡು ಎಲ್ಲೋ ಕೆನ್ನೆಯ ಮೇಲೆ ಬೆರಳಿಡುತ್ತಿದ್ದರು. ಅತ್ತೆ ಆ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿ ಇಟ್ಟುಕೊಂಡು, "ಇಲ್ಲಿ ಒತ್ತಪ್ಪಾ. ಅಲ್ಲಿ ಒತ್ತಿದ್ರೆ ಬರಲ್ಲ," ಎನ್ನುತ್ತಿದ್ದಳು. ಮೇಷ್ಟ್ರು ನಕ್ಕರು, ನಾವೂ ನಕ್ಕೆವು. ಕೊನೆಯವನು ಒತ್ತುವ ಹೊತ್ತಿಗೆ ಆ ಜಾಗ ಕೆಂಪಗೆ ಬಾತುಕೊಂಡಿತ್ತು. ಆಕೆಗೆ ಒಂದು ಲೋಟ ಕಾಫಿ, ಎರಡು ಬನ್ನು ಕೊಟ್ಟು ಕಳಿಸಿದರು. ಬನ್ನನ್ನು ಮಗಳಿಗೆಂದು ಸೆರಗಿಗೆ ಕಟ್ಟಿಕೊಂಡಳು.

ಮುಂದಿನದನ್ನು ನಾನು ನೋಡಲಿಲ್ಲ, ಆವಲಪ್ಪ ಮಾವ ಆಮೇಲೆ ಹೇಳಿದ್ದು. ಆ ವರ್ಷ ಸರ್ಕಾರದವರು ರೈತರು ಅಳೆದುಕೊಡಬೇಕಾದ ಲೆವಿ ರಾಗಿಗೆ ಅವಸರ ಮಾಡುತ್ತಿದ್ದರು. ಮಾರ್ಚಿ ನಡುವಿನಲ್ಲೂ ಕಣಗಳಲ್ಲಿ ಒಕ್ಕಣೆ ನಡೆದೇ ಇತ್ತು. ಅತ್ತೆ ಮಣೆಯ ಮೇಲೆ ನಿಂತು ತೂರುತ್ತಿದ್ದಾಗ ಗಾಳಿ ಒಮ್ಮೆಲೇ ತಿರುಗಿ ಎಡಗಣ್ಣಿಗೆ ಹೊಟ್ಟು ಬಿತ್ತು. ಮಾರನೇ ದಿನಕ್ಕೆ ಕಣ್ಣು ಕೆಂಡವಾಯಿತು, ಬೆಳಕಿಗೆ ಬಿಡುವುದಕ್ಕೆ ಆಗಲಿಲ್ಲ. ಮಾವ ಗಾಡಿ ಕಟ್ಟಿ ಹೊಸಕೋಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆ ಪುಣ್ಯಾತ್ಮರು ನೋಡಿದ ಕೂಡಲೇ, "ಇದು ಹುಣ್ಣಾಗಿದೆಯಮ್ಮ. ಈಗ ಔಷಧಿ ಹಾಕ್ತೀನಿ, ಮಧ್ಯಾಹ್ನದ ಬಸ್ಸಿಗೇ ಪಟ್ಟಣಕ್ಕೆ ಹೋಗಿ ಸೇರ್ಕೊಳ್ಳಿ. ತಡ ಮಾಡಿದ್ರೆ ಕಣ್ಣು ಉಳಿಯಲ್ಲ," ಎಂದರಂತೆ.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡಳು. "ಪರೀಕ್ಷೆಗೆ ಇನ್ನು ಹನ್ನೊಂದು ದಿನ ಅದೆ ಸ್ವಾಮಿ. ಅದಾದ ಮೇಲೆ ಏನ್ ಬೇಕಾದ್ರೂ ಹಾಕಿ."

"ಯಾರ ಪರೀಕ್ಷೆ?"

"ನಮ್ ಹುಡುಗಂದು."

ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ಬೈದರು, ಕೊನೆಗೆ ಬೇಡಿಕೊಂಡರಂತೆ. ಅತ್ತೆ ಕೈ ತೆಗೆಯಲಿಲ್ಲ. ಪಟ್ಟಣದ ಆಸ್ಪತ್ರೆಗೂ ಒಪ್ಪಲಿಲ್ಲ. ಅಲ್ಲಿ ಹೋದರೆ ಪಾಪ ಕನಿಕರಕ್ಕೆ ಬಿದ್ದು ವಾಸಿ ಮಾಡಿಬಿಡುತ್ತಾರೆ, ಆಮೇಲೆ ಹುಡುಗನ ಗತಿ ಏನು ಎಂದಳಂತೆ. ನನಗೊಂದು ಕಾಗದ ಬರೆಸೋಣ ಎಂದು ಮಾವ ಹೇಳಿದ್ದಕ್ಕೆ, "ಓದ್ತಿರ್ತಾನೆ, ಮನಸು ಕೆಡಿಸ್ಬೇಡ" ಎಂದು ಸುಮ್ಮನಾಗಿಸಿದಳು. ಹನ್ನೊಂದು ದಿನ ಕತ್ತಲೆ ಕೋಣೆಯಲ್ಲಿ ಒದ್ದೆ ಬಟ್ಟೆ ಒತ್ತಿಕೊಂಡು, ಗೋಡೆಗೆ ಹಣೆ ಕೊಟ್ಟು ಕೂತಳು.

ಅದೇ ದಿನಗಳಲ್ಲಿ ನಾನು ಹಾಸ್ಟೆಲಿನಲ್ಲಿ ಅದೇ ಪಾಠವನ್ನು ಮೂರನೇ ಸಲ ತಿರುವಿಹಾಕುತ್ತಿದ್ದೆ. ಬರೆಯುವ ಪರೀಕ್ಷೆಯಲ್ಲಿ ಅದರ ಮೇಲೇ ಪ್ರಶ್ನೆ ಬಂತು. ಮೂರು ಪುಟ ಬರೆದೆ. 'ತಡಮಾಡದೆ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದೆ. ಒಳ್ಳೆಯ ಉತ್ತರ ಬರೆದೆನೆಂದು ಆ ಸಂಜೆ ಗೆಳೆಯರ ಜೊತೆ ದೋಸೆ ತಿಂದೆ.

ಯುಗಾದಿಗೆ ನಾಲ್ಕು ದಿನ ಮುಂಚೆ ರೋಗಿಗಳನ್ನು ನೋಡುವ ಪರೀಕ್ಷೆ. ಉದ್ದನೆಯ ಬೆಂಚಿನ ಮೇಲೆ ಎಂಟು ಜನ ಕೂತಿದ್ದರು, ಒಬ್ಬೊಬ್ಬರ ಕೊರಳಿಗೂ ಒಂದು ನಂಬರು. ನನಗೆ ನಾಲ್ಕನೇ ನಂಬರು ಬಂತು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದ ಹೆಂಗಸು. ಸೀರೆ ನೋಡಿಯೇ ಅತ್ತೆ ಎಂದು ಗೊತ್ತಾಯಿತು. ನೋಡಬೇಕಮ್ಮ ಎಂದೆ. ದನಿಯ ಗುರುತು ಹತ್ತಿ ಸೆರಗು ಸರಿಸಿದಳು.

ಕರಿಗುಡ್ಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಿಳಿ ಬೂದಿ ಬಣ್ಣದ ಕೊಳೆತ ಪೊರೆ, ಅದರ ಕೆಳಗಡೆ ಮಡುಗಟ್ಟಿ ನಿಂತ ಕೀವು. ಆ ಕಣ್ಣಿನ ಮುಂದೆ ದೀಪ ಹಿಡಿದೆ, ಕೈ ಆಡಿಸಿದೆ. ಏನೂ ಇಲ್ಲ. ನನ್ನ ಬೆರಳು ಗಾಳಿಯಲ್ಲೇ ನಿಂತಿತ್ತು. ಅತ್ತೆ ತಡವರಿಸಿ ಅದನ್ನು ಹಿಡಿದುಕೊಂಡು ಮೂಗಿನ ಪಕ್ಕ ಇಟ್ಟುಕೊಂಡಳು. "ಇಲ್ಲಿ ಒತ್ತಪ್ಪಾ," ಎಂದು ಮೆಲ್ಲಗೆ ಹೇಳಿದಳು. "ಹಂಗೇ ಅದೆ. ಯಾರನ್ನೂ ಮುಟ್ಟಿಸಿಲ್ಲ."

ಒತ್ತಿದೆ. ಕೀವು ಬಂತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ನಮ್ಮ ಮೇಷ್ಟ್ರು ಅವರ ಪಕ್ಕದಲ್ಲಿ ನಿಂತಿದ್ದರು. ಪರೀಕ್ಷಕರು ಕಾಯಿಲೆ ಯಾವುದು ಎಂದರು, ಹೇಳಿದೆ. ಹುಣ್ಣು ಹೇಗೆ ಬಂತು ಎಂದರು, ಹೇಳಿದೆ. ಇದನ್ನು ತಪ್ಪಿಸುವುದಕ್ಕೆ ಮುಂಚೆ ಏನು ಮಾಡಬಹುದಿತ್ತು ಎಂದರು.

"ಚೀಲ ತೆಗೆಯಬೇಕಾಗಿತ್ತು."

"ಯಾವಾಗ?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಗಡಿಯಾರ ನೋಡಿಕೊಂಡರು. "ಕಂಡ ಕೂಡಲೇ," ಎಂದೆ.

"ಸರಿ," ಎಂದರು ಪರೀಕ್ಷಕರು. "ಏನು ಮಾಡೋದು, ಈ ಹಳ್ಳಿಯ ಜನ ಬರೋದೇ ತಡ. ಎಲ್ಲಾ ಮುಗಿದ ಮೇಲೆ ಬರ್ತಾರೆ."

"ಹೌದು ಸಾರ್, ಅದೇ ಕಷ್ಟ," ಎಂದರು ನಮ್ಮ ಮೇಷ್ಟ್ರು.

ದೀಪಾವಳಿಯಲ್ಲೇ ಬಂದಿದ್ದಳು ಎಂದು ನಾನು ಅಲ್ಲಿ ಕೂಗಬೇಕಾಗಿತ್ತು. ಬೆಂಚು ತಿರುವಿಹಾಕಬೇಕಾಗಿತ್ತು. ಏನೂ ಮಾಡಲಿಲ್ಲ. ಕೈ ಕಟ್ಟಿಕೊಂಡು ನಿಂತೆ. ನನ್ನ ನಂಬರಿನ ಎದುರಿಗೆ ಪರೀಕ್ಷಕರು ಏನೋ ಬರೆದುಕೊಂಡು ತಲೆ ಆಡಿಸಿದರು. ಮೇಷ್ಟ್ರ ಮೇಲಿನ ಕೋಪವನ್ನು ಹೇಗೋ ತಡೆದುಕೊಂಡೇನು, ಆ ದಿನದ ನನ್ನ ಬಾಯಿಯ ಮೇಲಿನ ಕೋಪಕ್ಕೆ ನನ್ನ ಹತ್ತಿರ ಔಷಧಿಯಿಲ್ಲ.

ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಅತ್ತೆ ಹೊರಗಿನ ಜಗಲಿಯ ಮೇಲೆ ಕೂತಿದ್ದಳು. ನಂಬರಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಕಾಫಿ ಕುಡಿದು ಬನ್ನನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಮಾವ ದೂರದಲ್ಲಿ ಬೆನ್ನು ತಿರುಗಿಸಿಕೊಂಡು ನಿಂತಿದ್ದ. ನಾನು ಹತ್ತಿರ ಹೋದೆ. ಆಕೆ ಬಲಗಣ್ಣಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಪಾಸಾಗ್ತೀಯೇನಪ್ಪಾ?"

"ಆಗ್ತೀನಿ ಅತ್ತೆ."

"ಸದ್ಯ," ಎಂದು ಉಸಿರು ಬಿಟ್ಟಳು. ಕೊರಳಿನ ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು. "ಹಂಗಾದ್ರೆ ಈಗ ಹೋಗಿ ನಿಮ್ ಮೇಷ್ಟ್ರಿಗೆ ಹೇಳು, ಇನ್ನು ವಾಸಿ ಮಾಡ್ಲಿ. ಧಾರೆಗೆ ಇನ್ನೂ ಒಂದು ತಿಂಗಳು ಅದೆ."