ನಾಗಮಣಿ ಇಬ್ಬರಿಗೂ ‘ಆಯ್ತು’ ಅಂದಳು

ಬ್ಯಾಲಿನ್‌ಕೊಲಿಗ್ ಎಂಬ ಐರಿಷ್ ಊರಿನ ಆಸುಪಾಸಿನಲ್ಲಿ ಯಾರ ಮನೆಯ ಮಗುವಿಗೆ ಹುಟ್ಟುಹಬ್ಬ ಬಂದರೂ ಮೊದಲ ಫೋನು ಹೋಗುವುದು ನಾಗಮಣಿಗೆ. ಅವಳ ಮನೆಗೆ ಬೋರ್ಡಿಲ್ಲ. ಬೋರ್ಡು ಬೇಕಾಗಿಯೂ ಇಲ್ಲ. ಬೆಳಗಿನ ಹೊತ್ತು ನಾಯಿ ಅಡ್ಡಾಡಿಸಲು ಬಂದವರು ಅವಳ ಗೇಟಿನ ಹತ್ತಿರ ನಡಿಗೆ ನಿಧಾನ ಮಾಡುತ್ತಾರೆ, ನಾಯಿಯಂತೂ ಕೂತೇ ಬಿಡುತ್ತದೆ. ಬೆಣ್ಣೆ, ಏಲಕ್ಕಿ ಒಟ್ಟಿಗೆ ಬೇಯುವ ಘಮ ಅಂಥದು.

ಕೇಕು ಅವಳಿಗೆ ಹೊಸದಲ್ಲ. ಅಪ್ಪ ದೊಡ್ಡಯ್ಯನವರದು ತಿಪಟೂರಿನ ಬಸ್‌ಸ್ಟ್ಯಾಂಡಿನ ಎದುರು ಬೇಕರಿ. ಶಾಲೆ ಬಿಟ್ಟ ಮೇಲೆ ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು ಕಟ್ಟಿಕೊಟ್ಟು ಬೆಳೆದವಳು ಅವಳು. ಊರ ಮಕ್ಕಳ ಕೇಕಿನ ಮೇಲೆಲ್ಲ ಅಪ್ಪ ಗುಲಾಬಿ ಬಣ್ಣದ ಕ್ರೀಮಿನಲ್ಲಿ ಹೆಸರು ಬರೆಯುತ್ತಿದ್ದರು. ಅವಳ ಹುಟ್ಟುಹಬ್ಬಕ್ಕೆ ಮಾತ್ರ ಎಣ್ಣೆಸ್ನಾನ, ಶಾವಿಗೆ ಪಾಯಸ, ಅಮ್ಮ ಎತ್ತುವ ಆರತಿ. ಕೇಕು ಮಾರುವ ಮಾಲು. ಮನೆಗೆ ಬರುತ್ತಿದ್ದದ್ದು ಕತ್ತರಿಸಿ ಉಳಿದ ಅಂಚುಗಳು. ಅದರಿಂದ ಅವಳಿಗೇನೂ ಬೇಜಾರಾಗಿರಲಿಲ್ಲ. ಕೇಕಿನಲ್ಲಿ ಅಂಚೇ ರುಚಿ ಎಂದು ಇವತ್ತಿಗೂ ವಾದ ಮಾಡುತ್ತಾಳೆ.

ಬೇಕರಿಯಿಂದ ಅವಳು ಕಲಿತು ಬಂದ ಇನ್ನೊಂದು ಅಭ್ಯಾಸವೇ ತೊಂದರೆಯದು. ಬಂದ ಗಿರಾಕಿಗೆ ಇಲ್ಲ ಎನ್ನುವುದು ದೊಡ್ಡಯ್ಯನವರಿಗೆ ಗೊತ್ತೇ ಇರಲಿಲ್ಲ. ಬ್ರೆಡ್ಡು ಖಾಲಿಯಾಗಿದ್ದರೂ “ಈಗ ಬರುತ್ತೆ, ಕೂತ್ಕೊಳ್ಳಿ” ಅನ್ನುತ್ತಿದ್ದರು. ಮಗಳ ಬಾಯಲ್ಲಿ ಅದು “ಆಯ್ತು” ಎಂಬ ಒಂದೇ ಮಾತಾಗಿ ಉಳಿಯಿತು. ಗಂಡ ವಿಶ್ವೇಶ್ವರ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಕೆಲಸ ಸಿಕ್ಕಲ್ಲೆಲ್ಲ ಮನೆ ಬದಲಾಯಿಸಿ, ಕ್ಲಾಂಡಾಲ್ಕಿನ್, ಗಾಲ್ವೇ ಎಂದು ಅಲೆದು ಕೊನೆಗೆ ಕಾರ್ಕ್ ಪಕ್ಕದ ಈ ಊರಿಗೆ ಬಂದು ನಿಂತರು. ಬಂದ ಹೊಸದರಲ್ಲಿ ಅವಳು ಯಾರ ಯಾರಿಗೋ ‘ಆಯ್ತು’ ಅಂದ ಫಲವಾಗಿ ಒಂದು ಸಲ ಪಕ್ಕದ ಮನೆಯವರ ಮೊಲಗಳು ಒಂದು ತಿಂಗಳು ಇವರ ಹಿತ್ತಿಲಲ್ಲಿದ್ದವು.

ಆ ವಸಂತದಲ್ಲಿ ಬಂದವಳು ಮರಿಸೋಲ್. ಎರಡು ಬೀದಿ ಆಚೆಯ ಮನೆಯವಳು. ಹಿರಿಯರು ಮೆಕ್ಸಿಕೋದವರು, ಅವಳೂ ಗಂಡ ರೂಬೆನ್ನೂ ಹುಟ್ಟಿ ಬೆಳೆದದ್ದು ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ. ರೂಬೆನ್ನನ ಕಂಪನಿ ಕಾರ್ಕಿಗೆ ಕಳಿಸಿದಾಗಿನಿಂದ ಇಲ್ಲಿದ್ದಾರೆ. ಅವರ ಮಗಳು ಪಲೋಮಾ ನಾಗಮಣಿಯ ಮಗಳು ತೇಜುವಿನ ತರಗತಿ. ಇಬ್ಬರೂ ಒಂದೇ ತಂಡದಲ್ಲಿ ಕೋಲು ಹಿಡಿದು, ಹಾಕಿಯಂಥ ಇಲ್ಲಿನ ಆಟ ಕಮೋಗಿ ಆಡುತ್ತಾರೆ. ಪಲೋಮಾಗೆ ಒಂಬತ್ತು ತುಂಬುವುದಿತ್ತು.

ಮರಿಸೋಲ್‌ಗೆ ಬೇಕಾಗಿದ್ದದ್ದು ಎರಡು ಅಂತಸ್ತಿನ ಕೇಕು, ಮೇಲೆ ಸಕ್ಕರೆಯ ಕಮೋಗಿ ಕೋಲು. ಅಷ್ಟು ಹೇಳಿದ ಮೇಲೆ ಅವಳು ಅಡಿಗೆಮನೆಯ ಬಾಗಿಲು ಹಾಕಿದಳು. ಕೇಕಿನ ಮೇಲಿನ ಸಕ್ಕರೆ ಹಾಳೆ ಆದಷ್ಟು ಗಟ್ಟಿಯಾಗಿರಬೇಕು, ಒಳಗೆ ಆಧಾರಕ್ಕೆ ಕಡ್ಡಿಗಳಿರಬೇಕು, ಅವು ಇವೆ ಎಂಬುದು ಎಲ್ಲರಿಗೂ ಕಾಣಬೇಕು.

ಯಾಕೆಂದು ಕೇಳಿದ್ದಕ್ಕೆ ಕಥೆ ಹೊರಬಂತು. ಅವರಲ್ಲಿ ಹುಟ್ಟುಹಬ್ಬಕ್ಕೆ ‘ಮೊರ್ದಿದಾ’ ಅಂತ ಒಂದು ಪದ್ಧತಿ. ಅಂದರೆ ಕಚ್ಚುವುದು. ಹುಟ್ಟುಹಬ್ಬದವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಕೇಕಿನಿಂದ ಮೊದಲ ತುತ್ತು ಕಚ್ಚಬೇಕು. ಸುತ್ತ ನಿಂತವರು ಮೊರ್ದಿದಾ, ಮೊರ್ದಿದಾ ಎಂದು ಕೂಗುತ್ತಿರುವಾಗ ಹಿಂದಿನಿಂದ ಯಾರಾದರೂ ತಲೆಯನ್ನು ಕ್ರೀಮಿಗೆ ಅದುಮುತ್ತಾರೆ. ಮರಿಸೋಲ್‌ಗೆ ಹದಿನೈದು ತುಂಬಿದ ದಿನ ಚಿಕ್ಕಪ್ಪನ ಮಕ್ಕಳು ಅದುಮಿದ ರಭಸಕ್ಕೆ ಮುಂದಿನ ಹಲ್ಲಿನ ತುದಿ ಮುರಿದಿತ್ತು. ಅವಳು ತುಟಿ ಎತ್ತಿ ತೋರಿಸಿದಳು. “ನನ್ನ ಅತ್ತೆ ಟೆಕ್ಸಸ್‌ನಿಂದ ಬರ್ತಿದಾರೆ. ಅವರ ಕೈ ನನ್ನ ಮಗಳ ತಲೆ ಮೇಲೆ ಬೀಳ್ಬಾರ್ದು. ನಿನ್ನ ಕೇಕು ಕೋಟೆ ಥರ ಇರ್ಲಿ, ನಾಗಮಣಿ.”

“ಆಯ್ತು,” ಅಂದಳು ನಾಗಮಣಿ. ಮುರಿದ ಹಲ್ಲು ನೋಡಿದ ಮೇಲೆ ಬೇರೆ ಏನು ಹೇಳುವುದು?

ಅದೇ ವಾರದಲ್ಲಿ ಆ ಅತ್ತೆಯೇ ಬಂದು ಬಾಗಿಲು ತಟ್ಟಿದರು. ಗ್ರಾಸಿಯೆಲಾ ಕುಳ್ಳಗೆ, ದುಂಡಗೆ, ದಪ್ಪ ಕನ್ನಡಕದ ಹೆಂಗಸು. ಸೊಸೆಗೆ ತಿಳಿಯದಂತೆ ವಾಕಿಂಗ್ ನೆಪದಲ್ಲಿ ಬಂದಿದ್ದರು. ಕೈಯಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಒಣಮೆಣಸಿನಕಾಯಿ, ಅವರ ಊರಿನದು. ನಾಗಮಣಿ ಒಂದನ್ನು ಮುರಿದು ಮೂಸಿ, ಡಬ್ಬಿಯಿಂದ ತನ್ನ ಬ್ಯಾಡಗಿ ತಂದು ಪಕ್ಕದಲ್ಲಿಟ್ಟಳು. ಬಣ್ಣ ಒಂದೇ, ಸುಕ್ಕು ಮಾತ್ರ ಬೇರೆ. ಇಬ್ಬರೂ ಒಲೆಯ ಮುಂದೆ ನಿಂತು ಎರಡನ್ನೂ ಹುರಿದು, ತಿಂದು ನೋಡಿ, ಕೆಮ್ಮಿ, ಕಣ್ಣೊರೆಸಿಕೊಂಡು ಗೆಳತಿಯರಾದರು. ಗಂಟಲು ಸರಿಯಾದ ಮೇಲೆ ಗ್ರಾಸಿಯೆಲಾ ವಿಷಯಕ್ಕೆ ಬಂದರು.

ಕೇಕು ತಗ್ಗಾಗಿರಬೇಕು. ಮೂರು ಬಗೆಯ ಹಾಲಿನಲ್ಲಿ ನೆನೆಸಿದ ಮೆತ್ತನೆಯ ಕೇಕು, ಮೇಲೆ ಕ್ರೀಮು ಬಿಟ್ಟರೆ ಬೇರೇನೂ ಇರಬಾರದು. ಕಡ್ಡಿ ಗಿಡ್ಡಿ ಕೂಡದು. ಅವರ ಗಂಡ ಬದುಕಿದ್ದಷ್ಟು ದಿನ ಮನೆಯ ಒಂದೊಂದು ಮಗುವಿನ ತಲೆಯನ್ನೂ ತಾನೇ ಅದುಮಿದವರು. ಅವರು ಹೋದ ಮೇಲೆ ಆ ಕೆಲಸ ಇವರ ಪಾಲಿಗೆ ಬಂದಿತ್ತು.

“ಮಿಹಾ,” ಅಂದರು. ಅವರ ಮಾತಿನಲ್ಲಿ ಮಗಳೇ ಎಂದರ್ಥ. “ಮುಖಕ್ಕೆ ಕ್ರೀಮು ಮೆತ್ತದೆ ಹೋದ್ರೆ ಅದು ಹುಟ್ಟುಹಬ್ಬ ಅಲ್ಲ, ಬರೀ ಊಟ. ಇಷ್ಟು ದೂರ ವಿಮಾನದಲ್ಲಿ ಬಂದು ನಾನು ಊಟ ಮಾಡ್ಕೊಂಡು ಹೋಗ್ಲಾ?”

ನಾಗಮಣಿಯ ಬಾಯಿ ತಾನಾಗಿಯೇ ತೆರೆಯಿತು. “ಆಯ್ತು.”

ಇಷ್ಟು ಸಾಲದೆಂಬಂತೆ ಮರುದಿನ ರೂಬೆನ್ ಫೋನು ಮಾಡಿದ. ಅಮ್ಮ ಸೂಪಿನ ಬಟ್ಟಲು ಇಡುವ ಸದ್ದಿನಲ್ಲೇ ಹೆಂಡತಿಗೆ ಜವಾಬು ಕೊಡುತ್ತಿದ್ದಾಳಂತೆ, ಹೆಂಡತಿ ಬಾಗಿಲು ಹಾಕುವ ಸದ್ದಿನಲ್ಲಿ ಮರುಜವಾಬು. ತನಗೆ ಯಾವ ಕೇಕಾದರೂ ಸರಿ, ಆದರೆ ತಾನು ಫೋನು ಮಾಡಿದ್ದು ಇಬ್ಬರಿಗೂ ಗೊತ್ತಾಗಬಾರದು ಎಂದ. ಅದಕ್ಕೂ ಆಯ್ತು ಅಂದು ಫೋನಿಟ್ಟಳು.

ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿಕೊಂಡಾಗ ವಿಶ್ವೇಶ್ವರ ಸೋಫಾದ ಮೇಲೆ ಬಿದ್ದು ನಕ್ಕ.

“ನಗಬೇಡಿ. ಏನ್ ಮಾಡ್ಲಿ ಹೇಳಿ.”

“ಒಬ್ಬರಿಗೆ ಫೋನ್ ಮಾಡಿ ಆಗಲ್ಲ ಅನ್ನು, ನಾಗು. ಮುಗೀತು.”

“ಯಾರಿಗೆ?”

ಹೋಂವರ್ಕ್ ಮಾಡುತ್ತಿದ್ದ ತೇಜು ತಲೆ ಎತ್ತದೆ, “ಜಸ್ಟ್ ಮೇಕ್ ಟು, ಅಮ್ಮಾ. ಇಟ್ಸ್ ಗ್ರ್ಯಾಂಡ್,” ಎಂದಳು, ಅಪ್ಪಟ ಕಾರ್ಕಿನ ರಾಗದಲ್ಲಿ.

ನಾಗಮಣಿಗೂ ಅದೇ ಸರಿ ಅನ್ನಿಸಿತು. ಎರಡು ಕೇಕು ಮಾಡಿದಳು. ಒಂದು ಕೋಟೆ: ಬಿಳಿ ಗೋಡೆ, ಎರಡು ಅಂತಸ್ತು, ಎದ್ದು ಕಾಣುವ ಕಡ್ಡಿಗಳು, ತುದಿಯಲ್ಲಿ ಸಕ್ಕರೆಯ ಕೋಲು. ಇನ್ನೊಂದು ಹಾಸಿಗೆ: ಬೆರಳು ಮುಟ್ಟಿದರೆ ನಡುಗುವಷ್ಟು ಮೆತ್ತಗೆ, ಹಾಲು ಕುಡಿದು ತುಂಬಿಕೊಂಡದ್ದು. ಇಬ್ಬರೂ ಖುಷಿಯಾಗುತ್ತಾರೆ, ತನ್ನ ಜಾಣತನಕ್ಕೆ ತಲೆದೂಗುತ್ತಾರೆ ಅಂದುಕೊಂಡು ಒಳ್ಳೆಯ ಸೀರೆಯುಟ್ಟು ಹೊರಟಳು.

ಪಲೋಮಾಳ ಮನೆಯ ಹಿತ್ತಿಲಲ್ಲಿ ಮಳೆಯಿರಲಿಲ್ಲ, ಗಾಳಿ ಮಾತ್ರ. ಕಮೋಗಿ ತಂಡದ ಹುಡುಗಿಯರೆಲ್ಲ ಸೇರಿದ್ದರು. ನಾಗಮಣಿ, ವಿಶ್ವೇಶ್ವರ ಒಂದೊಂದು ಕೇಕು ಹೊತ್ತು ತಂದು ಟೇಬಲ್ಲಿನ ಮೇಲಿಟ್ಟರು. ಮರಿಸೋಲ್ ಹಾಸಿಗೆಯನ್ನು ನೋಡಿದಳು. ಗ್ರಾಸಿಯೆಲಾ ಕೋಟೆಯನ್ನು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ನಾಗಮಣಿಯ ಕಡೆ ತಿರುಗಿದರು.

“ನಂಗೆ ಆಯ್ತು ಅಂದಿದ್ದೆ,” ಅಂದಳು ಮರಿಸೋಲ್.

“ನಂಗೂ ಅಂದಿದ್ಲು,” ಅಂದರು ಗ್ರಾಸಿಯೆಲಾ. “ನಾನು ಕೊಟ್ಟ ಮೆಣಸಿನಕಾಯಿ ತಿಂದು ಅಂದಿದ್ಲು.”

ಬಟ್ಟಲಿನ ಸದ್ದು, ಬಾಗಿಲಿನ ಸದ್ದು ಬಿಟ್ಟರೆ ಇಡೀ ವಾರ ಒಂದು ಮಾತೂ ಇಲ್ಲದಿದ್ದ ಅತ್ತೆ ಸೊಸೆ ಈಗ ಸ್ಪ್ಯಾನಿಷ್ ಭಾಷೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಪೂರೈಸುತ್ತ ನಾಗಮಣಿಯ ವಿಷಯ ಮಾತಾಡತೊಡಗಿದರು. ಅವಳಿಗೆ ಒಂದು ಪದವೂ ತಿಳಿಯಲಿಲ್ಲ, ಅರ್ಥ ಮಾತ್ರ ಪೂರ್ತಿ ತಿಳಿಯಿತು. ರೂಬೆನ್ ಬಲೂನು ಊದುವ ಕೆಲಸ ಹುಡುಕಿಕೊಂಡ. ಊದಿದ್ದ ಬಲೂನನ್ನೇ ಬಿಚ್ಚಿ ಮತ್ತೆ ಊದಿದ. ವಿಶ್ವೇಶ್ವರ ಬೇಲಿಯ ಮೇಲಿನ ಹಕ್ಕಿ ನೋಡುತ್ತ ನಿಂತ.

ಕೊನೆಗೆ ನಾಗಮಣಿಯೇ ಬಾಯಿಬಿಟ್ಟಳು. ತನಗೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ, ತಪ್ಪಾಯಿತು, ಆದರೆ ತಲೆ ಯಾರದೋ ಅವರನ್ನೊಮ್ಮೆ ಕೇಳಬಹುದಲ್ಲ ಎಂದಳು.

ಎಲ್ಲರೂ ಪಲೋಮಾಳ ಕಡೆ ನೋಡಿದರು. ಅವಳು ಕಚ್ಚುತ್ತಿದ್ದ ಜಡೆಯ ತುದಿಯನ್ನು ಬಾಯಿಂದ ತೆಗೆದಳು.

“ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ನಂಗಾಗಲ್ಲ,” ಅಂದಳು. “ಆದ್ರೆ ಬೇರೆಯವರನ್ನ ತಳ್ಳೋದು ನೋಡೋಕೆ ತುಂಬಾ ಇಷ್ಟ.”

ಗೆದ್ದೆ ಎಂದುಕೊಳ್ಳಬೇಕೋ ಸೋತೆ ಎಂದುಕೊಳ್ಳಬೇಕೋ ಮರಿಸೋಲ್‌ಗೆ ತಿಳಿಯಲಿಲ್ಲ. ಗ್ರಾಸಿಯೆಲಾ ಮೊಮ್ಮಗಳನ್ನೇ ನೋಡುತ್ತ ಕುರ್ಚಿಯಲ್ಲಿ ಕೂತರು. ಅಜ್ಜಿಗೆ ಯಾರು ಮೊರ್ದಿದಾ ಮಾಡಿದ್ದರು, ಅವಾಗ ಅಜ್ಜಿ ಅತ್ತಿದ್ದರಾ ಎಂದು ಪಲೋಮಾ ಕೇಳಿದಳು.

“ನಂಗೆ ಯಾರೂ ಮಾಡಿಲ್ಲ,” ಅಂದರು ಗ್ರಾಸಿಯೆಲಾ. ಅವರ ತವರಿನಲ್ಲಿ ಮನೆ ತುಂಬ ಮಕ್ಕಳು, ಕೇಕು ಎಂಬುದೇ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಕೇಕು ಮಾಡುವವಳು, ತಟ್ಟೆ ಹಂಚುವವಳು, ಮಕ್ಕಳ ಮುಖ ಒರೆಸುವವಳು ತಾನೇ. ಅಮ್ಮನ ಹುಟ್ಟುಹಬ್ಬ ಯಾವತ್ತು ಎಂದು ಮಕ್ಕಳು ಕೇಳಿದಾಗ, ಆಮೇಲೆ ನೋಡೋಣ ಎಂದು ಸಾಗಹಾಕಿದವರೂ ತಾನೇ. ಹೀಗೆ ಹೇಳುವಾಗ ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಈಗಷ್ಟೇ ತಮಗೂ ಹೊಳೆದಂತಿತ್ತು. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಬೆಳೆದ ನಾಗಮಣಿಗೆ ಆ ಮಾತು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮೆತ್ತನೆಯ ಕೇಕನ್ನು ಎತ್ತಿ ಅವರ ಮುಂದಕ್ಕೆ ತಂದಿಟ್ಟಳು.

ಗ್ರಾಸಿಯೆಲಾ ಕೇಕನ್ನೂ ಸೊಸೆಯನ್ನೂ ನೋಡಿದರು. ಕನ್ನಡಕ ತೆಗೆದು ರೂಬೆನ್ನನ ಕೈಗೆ ಕೊಟ್ಟರು. ಆಮೇಲೆ ಆ ಕಡೆ ತಿರುಗಿ ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ, ಅದನ್ನೂ ಮಗನಿಗೇ ಕೊಟ್ಟರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿದರು.

“ಮರಿಸೋಲ್,” ಎಂದರು ಬೊಚ್ಚುಬಾಯಲ್ಲಿ. “ನೀನೇ ಬಾ.”

ಕಮೋಗಿ ಹುಡುಗಿಯರಿಗೆ ಆ ಪದ ಕಲಿಯಲು ಒಂದು ಕ್ಷಣ ಸಾಕಾಯಿತು. ಮೊರ್ದಿದಾ, ಮೊರ್ದಿದಾ ಎಂಬ ಕೂಗು ಪಕ್ಕದ ಹಿತ್ತಿಲುಗಳಿಗೂ ಕೇಳಿಸಿ, ಒಬ್ಬ ಮುದುಕ ಬೇಲಿಯ ಮೇಲಿಂದ ಇಣುಕಿ ನೋಡಿದ. ಮರಿಸೋಲ್ ಮೊದಲು ಅತ್ತೆಯ ತಲೆಯನ್ನು ಹೂವು ಮುಟ್ಟುವಂತೆ ಮುಟ್ಟಿದಳು. ಆಮೇಲೆ ಏನು ನೆನಪಾಯಿತೋ, ಮುರಿದ ಹಲ್ಲೇ ಇರಬೇಕು, ಮೊಣಕೈ ಊರಿ ಅದುಮಿದಳು. ಕ್ರೀಮು ಕಿವಿಯ ತನಕ ಹಾರಿತು. ಗ್ರಾಸಿಯೆಲಾ ತಲೆ ಎತ್ತಿದಾಗ ಕಣ್ಣು, ಮೂಗು ಒಂದೂ ಕಾಣುತ್ತಿರಲಿಲ್ಲ. ನಗು ಮಾತ್ರ ಕಾಣುತ್ತಿತ್ತು. ಪಲೋಮಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನ ಕೈಯಲ್ಲಿದ್ದ ಹಲ್ಲಿನ ಸೆಟ್ಟು ಹುಲ್ಲಿಗೆ ಬಿದ್ದು ಅದನ್ನು ಹುಡುಕುವುದೇ ಒಂದು ಆಟವಾಯಿತು.

ಸೆಟ್ಟು ಸಿಕ್ಕಿ, ತೊಳೆದು ಹಾಕಿಕೊಂಡ ಮೇಲೆ ಗ್ರಾಸಿಯೆಲಾ ಸುತ್ತ ನೋಡಿ ಬೆರಳು ತೋರಿಸಿದರು. ಇಬ್ಬರಿಗೂ ಆಯ್ತು ಅಂದವಳು ಎಲ್ಲಿ? ನಾಗಮಣಿ ಗಂಡನ ಹಿಂದೆ ಸರಿದಳು. ಆ ಗಂಡ ಪಕ್ಕಕ್ಕೆ ಸರಿದುಬಿಟ್ಟ. ತೇಜುವೇ ಕೈ ಹಿಡಿದು ಎಳೆದು ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಗಮಣಿ ಉಳಿದ ಮೆತ್ತನೆಯ ಕೇಕಿನ ಮೇಲೆ ಬಗ್ಗಿದಾಗ ತಲೆಯ ಮೇಲೆ ಎರಡು ಕೈಗಳು ಬಿದ್ದವು. ಒಂದು ಅತ್ತೆಯದು, ಒಂದು ಸೊಸೆಯದು. ಮುಖ ತಣ್ಣಗೆ ಮುಳುಗಿತು. ಇಷ್ಟು ವರ್ಷ ಕೇಕು ಮಾಡಿದವಳು ಕೇಕಿನ ನಡುಮಧ್ಯದಿಂದ ತುತ್ತು ಕಚ್ಚಿದ್ದು ಅದೇ ಮೊದಲು. ಚೆನ್ನಾಗಿತ್ತು, ಏಲಕ್ಕಿ ಒಂದಿಷ್ಟು ಜಾಸ್ತಿಯಾಗಿತ್ತು.

ಕೋಟೆ ಕೇಕನ್ನು ಪಲೋಮಾ ಚಾಕುವಿನಲ್ಲಿ, ಮರ್ಯಾದೆಯಾಗಿ, ಹಿಂದೆ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು ಕತ್ತರಿಸಿದಳು.

ಜಗಳ ಅಲ್ಲಿಗೆ ಮುಗಿಯಿತು ಅಂದುಕೊಂಡವಳು ನಾಗಮಣಿ ಒಬ್ಬಳೇ. ಗ್ರಾಸಿಯೆಲಾ ಊರಿಗೆ ಹೊರಡುವ ಮುಂಚೆ ಮರಿಸೋಲ್ ಫೋನು ಮಾಡಿದಳು. ಪಲೋಮಾ ಬೇಡ ಅಂದದ್ದು ಇನ್ನು ಮುಂದೆಯೂ ಬೇಡ ಎಂದೇ ಅಲ್ಲವೇ, ನೀನೇ ಸಾಕ್ಷಿ ಎಂದಳು. ಆಮೇಲೆ ಗ್ರಾಸಿಯೆಲಾ ಬಂದು, ಹುಡುಗಿ ಬೇಡ ಅಂದದ್ದು ಈ ಒಂದು ವರ್ಷಕ್ಕೆ ಮಾತ್ರ, ಹತ್ತು ತುಂಬಿದಾಗ ಮತ್ತೆ ಕೇಳಬೇಕು, ನೀನೂ ಅಲ್ಲೇ ಇದ್ದೆಯಲ್ಲ ಎಂದರು. ನಾಗಮಣಿ ಅವರಿಗೆ ಸಾರಿನ ಪುಡಿಯ ಡಬ್ಬಿ ಕಟ್ಟಿಕೊಡುತ್ತಿದ್ದಳು. ಮುಚ್ಚಳ ಬಿಗಿಮಾಡಿ, ಉಸಿರೆಳೆದುಕೊಂಡಳು.

“ನನ್ ಕೈಲಾಗಲ್ಲ,” ಅಂದಳು. “ನೀವು ನೀವೇ ನೋಡ್ಕೊಳ್ಳಿ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಗ್ರಾಸಿಯೆಲಾ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ಇನ್ನೊಂದು ಡಬ್ಬಿ ಸಿಗುತ್ತದೆಯೇ ಎಂದು ಕೇಳಿದರು.