ಶಮೀಮ್ ತೊಳೆದ ಫ್ಲಾಪಿ

ಶಮೀಮ್ ಬ್ಲೇಡಿನಿಂದ ಫ್ಲಾಪಿಯ ಹೊರಗವಸು ಕೊಯ್ದಾಗ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ನಾನೂ ಅವಳೂ ನಾಲ್ಕು ತಿಂಗಳು ಕೂತು ಬರೆದ ಪ್ರೋಗ್ರಾಮು ಇದ್ದದ್ದು ಅದೊಂದರಲ್ಲೇ. ಎಂಬತ್ತರ ದಶಕದ ಮಾತಿದು. ರಾಯಚೂರಿನ ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಪರೀಕ್ಷಕರು ಬರಲು ಎರಡೇ ತಾಸು ಉಳಿದಿತ್ತು.

ದಸರಾ ರಜೆಗೆ ಮುಂಚೆ ಅಟೆಂಡರ್ ಶರಣಪ್ಪ ಆಯುಧ ಪೂಜೆ ಮಾಡಿದ್ದ. ಯಂತ್ರಕ್ಕೆ ವಿಭೂತಿ ಬಳಿದವನು ಫ್ಲಾಪಿಯನ್ನೂ ಬಿಟ್ಟಿರಲಿಲ್ಲ. ಒಳಗಿನ ಬಿಲ್ಲೆ ಕಾಣುವ ಅದರ ಕಿಂಡಿ ಅವನಿಗೆ ದೇವರ ಹಣೆಯಂತೆ ಕಂಡಿತೋ ಏನೋ, ಸರಿಯಾಗಿ ಅಲ್ಲೇ ಕುಂಕುಮ ಇಟ್ಟಿದ್ದ. ರಜೆ ಮುಗಿಸಿ ಬಂದು ನೋಡಿದರೆ ಕಂಪ್ಯೂಟರು ಅದನ್ನು ಓದಲೊಲ್ಲದು. ನಮ್ಮ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು.

ಶಮೀಮಳ ಅಪ್ಪನದು ಮಾನ್ವಿಯಲ್ಲಿ ಬಟ್ಟೆ ಅಂಗಡಿ. "ರೇಷ್ಮಿ ಸೀರಿ ಮ್ಯಾಲೆ ಕುಂಕುಮ ಬಿದ್ರ ನಾವು ತಿಕ್ಕಂಗಿಲ್ರಿ ಸರ್, ನೀರಿಗೆ ಹಿಡಿತೀವಿ" ಎಂದವಳೇ, ಒಳಗಿನ ತೆಳ್ಳನೆಯ ಕಪ್ಪು ಬಿಲ್ಲೆಯನ್ನು ತೆಗೆದು ಅಂಗಳದ ನಲ್ಲಿಯ ಕೆಳಗೆ ಹಿಡಿದಳು. ನೆರಳಿನಲ್ಲಿ ಆರಿಸಿದಳು. ಇನ್ನೊಂದು ಖಾಲಿ ಫ್ಲಾಪಿಯ ಗವಸಿಗೆ ತೂರಿಸಿ ಯಂತ್ರಕ್ಕೆ ಹಾಕಿದಳು.

ಕರಕರ ಸದ್ದಾಯಿತು. ಪರದೆಯ ಮೇಲೆ ನಮ್ಮ ಹಸಿರು ಅಕ್ಷರಗಳು ಸಾಲುಸಾಲಾಗಿ ಇಳಿದವು! ಪರೀಕ್ಷಕರ ಮುಂದೆಯೂ ಪ್ರೋಗ್ರಾಮು ಎಲ್ಲೂ ಮುಗ್ಗರಿಸಲಿಲ್ಲ. ಬಾಗಿಲಲ್ಲಿ ಬೆವರುತ್ತಾ ನಿಂತಿದ್ದ ಶರಣಪ್ಪ, "ಗೆದ್ದಿ ಬಿಡವ್ವಾ, ನನ್ನ ಮಾನಾನೂ ಉಳಿಸಿದಿ" ಎಂದು ಶಮೀಮಳಿಗೆ ಕೈಮುಗಿದ.

ಮರುವರ್ಷದ ಆಯುಧ ಪೂಜೆಗೆ ಅವನು ಕಂಪ್ಯೂಟರಿನ ಹತ್ತಿರವೂ ಸುಳಿಯಲಿಲ್ಲ. ಅಂಗಳದ ನಲ್ಲಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದ. ಮೊದಲ ಹೋಳು ಶಮೀಮಳ ಕೈಗಿತ್ತ.