ಹಂಬಲಿಸಿ ಪಡೆದವಳು

ಗೋಕಾಕದಲ್ಲಿ ನಮ್ಮ ಪಕ್ಕದ ಮನೆಯ ಕಾಕು, ಯಾವ ಕೂಸಿನ ಹೆಸರು ಕಿವಿಗೆ ಬಿದ್ದರೂ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಮೊದಲ ಅರ್ಥಾ ಹೇಳ ಯವ್ವಾ" ಎನ್ನುತ್ತಿದ್ದರು. ಅವರು ಹುಟ್ಟಿದ್ದು ಮೂಡಲಗಿ ಕಡೆಯ ಹಳ್ಳಿಯಲ್ಲಿ, ನಾಲ್ಕನೆಯ ಹೆಣ್ಣಾಗಿ. ಬೇಸತ್ತ ಹೆತ್ತವರು 'ಇನ್ನು ಸಾಕು' ಎಂಬ ಅರ್ಥದ ಹೆಸರನ್ನೇ ಇಟ್ಟುಬಿಟ್ಟಿದ್ದರು. ಆ ಹೆಸರು ಹಿಡಿದು ಯಾರು ಕರೆದರೂ ಕಾಕು ಓಗೊಡುತ್ತಿರಲಿಲ್ಲ. ಸುಮ್ಮನೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದರು.

ನನ್ನ ತಂಗಿಗೆ ಮಗಳು ಹುಟ್ಟಿದಾಗ ಮೊಬೈಲಿನಲ್ಲಿ ಹೆಸರು ಹುಡುಕುತ್ತ ಅವರ ಅಡುಗೆಮನೆಯಲ್ಲಿ ಕೂತಿದ್ದೆ.

"ಕಾಕು, ಇದೊಂದ ಕೇಳ್ರಿ. ದೆಜಿರೆ. ಫ್ರಾನ್ಸಿನ ಹೆಸರು, ಮೂಲ ಲ್ಯಾಟಿನ್ ಅಂತ. ಭಾಳ ದಿನ ಹಂಬಲಿಸಿ ಪಡೆದ ಕೂಸಿಗೆ ಇಡ್ತಿದ್ರಂತ್ರಿ."

"ಹೆಣ್ಣ ಕೂಸಿಗೇನ?"

"ಹೌದ್ರಿ, ಹೆಣ್ಣ ಕೂಸಿಗೇ."

ಕಾಕು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನಿಮ್ಮ ಕೂಸಿಗೆ ಯಾವದರೆ ಇಡ್ರಿ. ಆ ಹೆಸರಲೆ ನನ್ನ ಒಮ್ಮಿ ಕರಿ, ನೋಡೂಣು."

ನಗು ತಡೆದುಕೊಂಡು ಕರೆದೆ: "ದೆಜಿರೇ..."

ಎದುರಿಗೇ ಕೂತಿದ್ದ ಕಾಕು, ದೂರದ ಹೊಲದಲ್ಲಿರುವವರ ಹಾಗೆ ದನಿಯೆತ್ತಿ "ಓ..." ಎಂದರು.